ಕೊನೆಯ ಒಂದು ಗೇಣು ದಾರ

ಹೋದ ಭಾನುವಾರ ಸೂಳೆಕೆರೆ ದಂಡೆಯಲ್ಲಿ ಕೂತಿದ್ದಾಗ ಒಬ್ಬ ಹುಡುಗ ಪಕ್ಕಕ್ಕೆ ಬಂದು ನಿಂತ. ದಾವಣಗೆರೆಯವನೇ, ಕಾಲೇಜು ಓದುವ ವಯಸ್ಸು. ಕೈಯಲ್ಲಿ ಹೊಸ ಕಾರ್ಬನ್ ರಾಡ್, ಹೊಸ ರೀಲ್. ಎರಡಕ್ಕೂ ಸೇರಿ ಎಂಟು ಸಾವಿರ ಕೊಟ್ಟಿದ್ದನಂತೆ. ದಾರದ ತುದಿಯಲ್ಲಿ ಮಾತ್ರ ಅಂಗಡಿಯಿಂದ ತಂದ ಸ್ಪ್ರಿಂಗ್ ಗಾಳ. ಒಂದು ಸ್ಪ್ರಿಂಗು, ಅದರ ಸುತ್ತ ನೇತಾಡುವ ಆರು ಕೊಕ್ಕೆ, ಬೆಲೆ ನಲವತ್ತು ರೂಪಾಯಿ.

"ಅಣ್ಣಾ, ಬೆಳಗ್ಗೆಯಿಂದ ಒಂದೂ ಸಿಕ್ಕಿಲ್ಲ. ರಾಡ್ ಸರಿ ಇಲ್ವಾ?" ಅಂತ ಕೇಳಿದ.

"ರಾಡ್ ಚೆನ್ನಾಗೈತೆ ತಮ್ಮಾ, ತುದೀನ ಬಿಚ್ಚು" ಅಂದೆ.

ಅವನಿಗೆ ಅಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆ ಗಾಳ ಹಾಕುವವರು ಈಗ ಜಾಸ್ತಿ ಆಗಿದ್ದಾರೆ. ದುಡ್ಡೆಲ್ಲ ರಾಡ್‌ಗೆ, ರೀಲ್‌ಗೆ ಹೋಗುತ್ತದೆ. ಮೀನಿನ ಬಾಯಿಗೆ ಹೋಗುವುದು ಕೊನೆಯ ಒಂದು ಗೇಣು ದಾರ ಮತ್ತು ಒಂದು ಕೊಕ್ಕೆ. ಅದನ್ನು ಯಾರೂ ನೋಡುವುದೇ ಇಲ್ಲ.

ಮೊದಲು ಮೀನಿನ ಬಾಯಿ ನೋಡಬೇಕು. ಗೆಂಡೆ ಜಾತಿಯ ಯಾವ ಮೀನಿಗೂ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಕಾಮನ್ ಕಾರ್ಪ್ ತೆಗೆದುಕೊಳ್ಳಿ. ಬಾಯಿ ಕೆಳಮುಖ, ತುಟಿಯ ಅಂಚಿನಲ್ಲಿ ಎರಡು ಜೊತೆ ಮೀಸೆ. ಕೆಸರು ತಡಕುತ್ತಾ ಬರುತ್ತದೆ, ತುಟಿಯನ್ನು ಕೊಳವೆ ಥರ ಚಾಚುತ್ತದೆ, ನೀರಿನ ಸಮೇತ ಸರಕ್ಕನೆ ಒಳಗೆಳೆಯುತ್ತದೆ. ತಿನ್ನುವ ವಸ್ತು ಅಂತ ಖಾತ್ರಿಯಾದರೆ ಗಂಟಲಿಗೆ ಕಳಿಸಿ ಅರೆಯುತ್ತದೆ. ಅನುಮಾನ ಬಂದರೆ ಉಗುಳುತ್ತದೆ. ಈ ಎಳೆದುಕೊಳ್ಳುವುದು, ಉಗುಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ದಂಡೆಯಲ್ಲಿ ಕೂತ ನಮಗೆ ರಾಡಿನ ತುದಿ ಸ್ವಲ್ಪವೂ ಅಲುಗಿದ್ದು ಕಾಣುವುದಿಲ್ಲ. ಬೆಳಗ್ಗೆಯಿಂದ ಒಂದೂ ಸಿಕ್ಕಿಲ್ಲ ಅಂದ ಹುಡುಗನ ಗಾಳವನ್ನು ಅವತ್ತು ಹತ್ತು ಮೀನು ಉಗುಳಿರಬಹುದು.

ಕಾಟ್ಲಾ ಹಾಗಲ್ಲ. ಅದರ ಬಾಯಿ ಮೇಲ್ಮುಖ, ಮೀಸೆ ಇಲ್ಲ, ನೀರಿನ ಮೇಲುಭಾಗದಲ್ಲಿ ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್ ತಳದ್ದು. ಕಾಟ್ಲಾ ಬೇಕು ಅಂತ ಸೀಸ ಕಟ್ಟಿ ಕೆಸರಿಗೆ ಎಸೆದು ಕೂತರೆ ದಿನ ಹೋಗುತ್ತದೆ ಅಷ್ಟೇ. ಕಾಟ್ಲಾಗೆ ಬೆಂಡು ಕಟ್ಟಿ ನಡುನೀರಿಗಿಂತ ಮೇಲೆ ನಿಲ್ಲಿಸಿ. ಮಿಕ್ಕ ಮಾತೆಲ್ಲ ಕಾಮನ್ ಕಾರ್ಪ್ ಬಗ್ಗೆ.

ಉಗುಳುವ ಮೀನಿಗೆ ಇಂಗ್ಲೆಂಡಿನ ಇಬ್ಬರು ಒಂದು ದಾರಿ ಹುಡುಕಿದರು, ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್. 1970ರ ದಶಕದ ಕೊನೆಯ ಹೊತ್ತಿನ ಮಾತು. ಕೊಕ್ಕೆಗೆ ತಿಂಡಿ ಚುಚ್ಚಬೇಡಿ, ಪಕ್ಕದಲ್ಲಿ ಒಂದು ಎಳೆಗೆ ಪೋಣಿಸಿ ಬಿಡಿ ಅನ್ನುವುದು ಅವರ ಉಪಾಯ. ಮೊದಲು ತಲೆಕೂದಲನ್ನೇ ಬಳಸಿ ನೋಡಿದ್ದರು, ಅದಕ್ಕೇ ಹೇರ್ ರಿಗ್, ಅಂದರೆ ಕೂದಲಿನ ಗಾಳ, ಅನ್ನುವ ಹೆಸರು. ಮೀನು ತಿಂಡಿಯನ್ನು ಎಳೆದುಕೊಂಡಾಗ ಬರಿ ಕೊಕ್ಕೆಯೂ ಹಿಂದೆಯೇ ಒಳಗೆ ಹೋಗುತ್ತದೆ. ಉಗುಳಿದಾಗ ತಿಂಡಿ ಹೊರಗೆ ಬರುತ್ತದೆ, ಕೊಕ್ಕೆಯ ಮೊನೆ ಕೆಳತುಟಿಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಕೊಕ್ಕೆ ಸಾಕು, ಆರು ಬೇಡ.

ಆ ರಿಗ್‌ಗೆ ಅಲ್ಲಿಯವರು ಹೆಚ್ಚಾಗಿ ಪೋಣಿಸುವ ತಿಂಡಿಗಳಲ್ಲಿ ಮೆಕ್ಕೆಜೋಳವೂ ಒಂದು. ಮೆಕ್ಕೆಜೋಳ! ದಾವಣಗೆರೆ ಎಪಿಎಂಸಿಯಲ್ಲಿ ರಾಶಿ ರಾಶಿ ಬೀಳುವ ಕಾಳು. ನಾವು ಮಾತ್ರ ಪ್ಯಾಕೆಟ್ ಫ್ಲೇವರ್‌ಗೆ ದುಡ್ಡು ಸುರಿಯುತ್ತೇವೆ. ಮುದ್ದೆ, ಹಿಟ್ಟಿನ ಉಂಡೆ ಕಟ್ಟಿದರೆ ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನು ಎರಡೇ ನಿಮಿಷಕ್ಕೆ ಕಚ್ಚಿ ಕಚ್ಚಿ ಖಾಲಿ ಮಾಡುತ್ತದೆ. ಬೆಂದ ಮೆಕ್ಕೆಜೋಳ ಗಟ್ಟಿ, ಅದಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ದೊಡ್ಡ ಗೆಂಡೆ ಬರುವ ತನಕ ಎಳೆಯಲ್ಲಿ ನಿಲ್ಲುತ್ತದೆ.

ಕಾಳನ್ನು ಒಂದು ರಾತ್ರಿ ಒಂದು ಹಗಲು ನೆನೆಸಿ. ಆಮೇಲೆ ಉಗುರಿಗೆ ಬಗ್ಗುವಷ್ಟು ಬೇಯಿಸಿ, ಅರ್ಧ ಗಂಟೆಯಾದರೂ ಬೇಕು. ಬೆಂದ ನೀರಲ್ಲೇ ಎರಡು ದಿನ ಬಿಟ್ಟರೆ ಸ್ವಲ್ಪ ಹುಳಿ ವಾಸನೆ ಬರುತ್ತದೆ, ಅದು ಒಳ್ಳೆಯದೇ. ಒಣ ಕಾಳನ್ನು ಮಾತ್ರ ಯಾವತ್ತೂ ನೀರಿಗೆ ಎಸೆಯಬೇಡಿ. ಅದು ಮೀನಿನ ಹೊಟ್ಟೆಯೊಳಗೆ ಉಬ್ಬುತ್ತದೆ.

ಸುತ್ತ ಎರಚಲು ಶೇಂಗಾ ಹಿಂಡಿ, ಅಕ್ಕಿ ತೌಡು, ಮಂಡಕ್ಕಿ ಪುಡಿ. ಹಿಂಡಿಗೆ ಚಳ್ಳಕೆರೆ ಇದೆ, ಮಂಡಕ್ಕಿಗೆ ನಮ್ಮ ಊರಿನ ಭಟ್ಟಿಗಳಿವೆ. ನೀರು ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಅಷ್ಟೇ ಅಳತೆ.

ಈಗ ಆ ಒಂದು ಗೇಣು. ಮೆತ್ತನೆಯ ಹೆಣೆದ ದಾರ ತೆಗೆದುಕೊಳ್ಳಿ. ತುದಿಯಲ್ಲಿ ಸಣ್ಣ ಕುಣಿಕೆ ಹಾಕಿ, ಅದಕ್ಕೆ ಎರಡು ಕಾಳು ಪೋಣಿಸಿ, ಜಾರದ ಹಾಗೆ ಒಂದು ಹುಲ್ಲುಕಡ್ಡಿ ಚೂರು ಅಡ್ಡ ಇಡಿ. ಇನ್ನೊಂದು ತುದಿಯನ್ನು ಕೊಕ್ಕೆಯ ಕಣ್ಣಿಗೆ ಬೆನ್ನ ಕಡೆಯಿಂದ ಹಾಕಿ. ಕಾಳಿಗೂ ಕೊಕ್ಕೆಯ ಬಾಗಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಇರುವ ಹಾಗೆ ಎಳೆಯನ್ನು ಹಿಡಿದುಕೊಳ್ಳಿ. ಕಣ್ಣಿನಿಂದ ಕೆಳಕ್ಕೆ ಕೊಕ್ಕೆಯ ಕಾಂಡವನ್ನೂ ಎಳೆಯನ್ನೂ ಸೇರಿಸಿ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ. ಆಮೇಲೆ ದಾರವನ್ನು ಮತ್ತೆ ಬೆನ್ನ ಕಡೆಯಿಂದಲೇ ಕಣ್ಣಿಗೆ ತೂರಿಸಿ ಎಳೆಯಿರಿ. ಬೆನ್ನ ಕಡೆಯಿಂದ ಅನ್ನುವುದನ್ನು ಮರೆಯಬೇಡಿ. ಮುಂದಿನಿಂದ ತೂರಿಸಿದರೆ ಕೊಕ್ಕೆ ತುಟಿಯ ಕಡೆ ತಿರುಗುವುದಿಲ್ಲ. ಎರಡು ಕಾಳಿಗೆ 6 ನಂಬರ್ ಕೊಕ್ಕೆ ಸರಿಯಾಗುತ್ತದೆ. ನಂಬರ್ ಜಾಸ್ತಿ ಆದಷ್ಟೂ ಕೊಕ್ಕೆ ಚಿಕ್ಕದು, ಹೊಸಬರು ಇಲ್ಲೇ ತಪ್ಪುತ್ತಾರೆ. ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಗೀರಿ ನಿಂತರೆ ಸರಿ, ಜಾರಿದರೆ ಎಸೆದುಬಿಡಿ.

ಈ ದಾರವನ್ನು ಸ್ವಿವೆಲ್‌ಗೆ, ಅಂದರೆ ದಾರ ಹುರಿಗೊಳ್ಳದ ಹಾಗೆ ತಿರುಗುವ ಸಣ್ಣ ಕೊಂಡಿಗೆ ಕಟ್ಟಿ. ಸ್ವಿವೆಲ್‌ನ ಮೇಲೆ ಒಂದು ಮಣಿ, ಅದರ ಮೇಲೆ ಮುಖ್ಯ ದಾರದಲ್ಲಿ ಸಲೀಸಾಗಿ ಜಾರುವ ಸೀಸದ ಗುಂಡು. ಗುಂಡು ಜಾರಲೇಬೇಕು. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಕೊಂಡಜ್ಜಿ ಕೆರೆಯಲ್ಲಿ ನಾನೂ ಸ್ಪ್ರಿಂಗ್ ಗಾಳವನ್ನೇ ಹಾಕುತ್ತಿದ್ದೆ. ಒಂದು ಸಂಜೆ ದೊಡ್ಡ ಮೀನು ಸಿಕ್ಕಿತು. ರೀಲ್ ಕಿರ್ರನೆ ಬಿಚ್ಚಿಕೊಂಡಿತು, ಎರಡು ನಿಮಿಷ ಆಡಿತು, ಆಮೇಲೆ ರಾಡ್ ಹಗುರಾಯಿತು. ದಾರ ಎಳೆದುಕೊಂಡು ನೋಡಿದರೆ ತುದಿ ಗುಂಗುರು ಕೂದಲಿನ ಹಾಗೆ ಸುರುಳಿ ಸುತ್ತಿತ್ತು. ಕಡಿದ ದಾರ ಹಾಗಿರುವುದಿಲ್ಲ. ಗಂಟು ಜಾರಿದಾಗ ಮಾತ್ರ ಹಾಗಾಗುತ್ತದೆ. ಒಣ ದಾರದಲ್ಲೇ ಗಂಟು ಎಳೆದಿದ್ದೆ, ಎಂಜಲು ಹಚ್ಚಿ ಒದ್ದೆ ಮಾಡಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಮತ್ತೆ ಹೋದೆ. ದಂಡೆಯಿಂದ ಹತ್ತು ಮಾರು ದೂರದಲ್ಲಿ, ಜೊಂಡಿನ ಹತ್ತಿರ ಆ ಮೀನು ತೇಲುತ್ತಿತ್ತು. ಸ್ಪ್ರಿಂಗ್ ಜೊಂಡಿನ ಬೇರಿಗೆ ಸಿಕ್ಕಿಕೊಂಡಿತ್ತು. ಒಂದು ಕೊಕ್ಕೆ ತುಟಿಯಲ್ಲಿ, ಒಂದು ಕಿವಿರಿನಲ್ಲಿ, ಇನ್ನೊಂದು ಕಣ್ಣಿನ ಕೆಳಗೆ. ರಾತ್ರಿಯಿಡೀ ಜಗ್ಗಾಡಿ ಸತ್ತಿದೆ. ಅದನ್ನು ಬಿಡಿಸಲು ಹತ್ತು ನಿಮಿಷ ಹಿಡಿಯಿತು. ಅವತ್ತಿನಿಂದ ನಾನು ಸ್ಪ್ರಿಂಗ್ ಮುಟ್ಟಿಲ್ಲ. ತಿನ್ನಲು ಹಿಡಿಯುವುದು ಬೇರೆ, ಹೀಗೆ ಯಾರಿಗೂ ಸಿಗದೆ ಕೊಳೆಯುವ ಹಾಗೆ ಕೊಲ್ಲುವುದು ಬೇರೆ. ಜಾರುವ ಗುಂಡಿದ್ದರೆ, ದಾರ ಕಡಿದರೂ ಗುಂಡು ಕಳಚಿಕೊಳ್ಳುತ್ತದೆ. ಒಂದು ಕೊಕ್ಕೆ ಬಿಟ್ಟರೆ ಮೀನಿಗೆ ಬೇರೆ ಭಾರ ಇರುವುದಿಲ್ಲ. ಕೊಕ್ಕೆಯ ಮೊನೆಯ ಹಿಂದಿರುವ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದ್ದರೆ ಆ ಕೊಕ್ಕೆಯೂ ಸುಲಭವಾಗಿ ಬಿದ್ದುಹೋಗುತ್ತದೆ.

ಇನ್ನೊಂದು ವಿಷಯವೂ ಇದೆ. ನಮ್ಮ ಕೆರೆಗಳ ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲತಃ ಉತ್ತರದ ದೊಡ್ಡ ನದಿಗಳ ಮೀನು. ನಿಂತ ನೀರಿನಲ್ಲಿ ಅವು ಮೊಟ್ಟೆ ಇಡುವುದಿಲ್ಲ. ಮರಿ ತಂದು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಮನ್ ಕಾರ್ಪ್ ಅಂತೂ ಹೊರದೇಶದ್ದು. 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ಬಂತು, 1957ರಲ್ಲಿ ಬ್ಯಾಂಕಾಕ್‌ನಿಂದ ಇನ್ನೊಂದು ತಳಿ ಬಂತು. ಇದು ಮಾತ್ರ ಕೆರೆಯ ಗಿಡಗಂಟಿಗೆ ಮೊಟ್ಟೆ ಅಂಟಿಸಿ ತಾನೇ ಬೆಳೆಯುತ್ತದೆ. ಕೆರೆ ಗುತ್ತಿಗೆ ಹಿಡಿದು ಮರಿ ಬಿಟ್ಟವರು ಮೀನುಗಾರರು, ಸಂಘದವರು. ಅವರ ದುಡ್ಡು ಆ ನೀರಿನಲ್ಲಿದೆ. ಕೇಳದೆ ಗಾಳ ಹಾಕುವುದು ತಪ್ಪು. ಕೇಳಿದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ, ನನಗಂತೂ ಎಲ್ಲೂ ಅಂದಿಲ್ಲ.

ರಾಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತು ಅಡಿಯ ಸಾಧಾರಣ ರಾಡ್ ಸಾಕು, ಫೈಬರ್ ಆದರೂ ನಡೆಯುತ್ತದೆ. ಕಾರ್ಬನ್ ರಾಡ್‌ನಲ್ಲಿ ಕರೆಂಟ್ ಹರಿಯುತ್ತದೆ, ತಂತಿ ಕೆಳಗೆ ಎತ್ತಿ ನಡೆಯಬೇಡಿ, ಮೋಡ ಗುಡುಗಿದರೆ ಕೆಳಗಿಡಿ. ರೀಲ್ 4000 ಅಳತೆಯದು. ತಂಗೂಸಿ ದಾರ 0.35 ಮಿ.ಮೀ. ದಪ್ಪದ್ದು. ಮುಖ್ಯ ದಾರಕ್ಕೆ ಹೆಣೆದ ದಾರ ಬೇಡ, ಅದು ಹಿಗ್ಗುವುದಿಲ್ಲ, ಗೆಂಡೆಯ ತುಟಿ ಹರಿಯುತ್ತದೆ.

ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರ ಬಿಚ್ಚಿಕೊಳ್ಳುವ ರೀಲಿನ ಬಿಗಿ, ಅದನ್ನು ಮಾತ್ರ ಅಂದಾಜಿನಲ್ಲಿ ಬಿಡಬೇಡಿ. ಮನೆಯಲ್ಲಿ ಸ್ಪ್ರಿಂಗ್ ತಕ್ಕಡಿ ಇದ್ದರೆ ದಾರದ ತುದಿಯನ್ನು ಅದಕ್ಕೆ ಕಟ್ಟಿ ರಾಡ್ ಬಾಗಿಸಿ ಎಳೆಯಿರಿ. ದಾರ ತಡೆಯುವ ಭಾರದ ಕಾಲುಭಾಗಕ್ಕೆ ರೀಲ್ ಬಿಚ್ಚಿಕೊಳ್ಳಬೇಕು. 15 ಪೌಂಡ್ ದಾರ ಅಂದರೆ ಸುಮಾರು 6.8 ಕಿಲೊ. ಹಾಗಾಗಿ ತಕ್ಕಡಿ ಸುಮಾರು 1.7 ಕಿಲೊ ತೋರಿಸುವ ಹೊತ್ತಿಗೆ ರೀಲ್ ತಿರುಗಬೇಕು.

ಹಿರಿಯೂರು ಕಡೆಯವರಿಗೆ ಒಂದು ಮಾತು. ವಾಣಿವಿಲಾಸ ಸಾಗರ 1933 ಆದ ಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. ದಶಕಗಳ ಕಾಲ ಒಣಗಿದ್ದ ಅಂಚಿನ ಜಾಗದಲ್ಲಿ ಜಾಲಿ ಬೆಳೆದಿತ್ತು. ಹಿನ್ನೀರಿನ ಅಂಚಿನಲ್ಲಿ ನೀರು ಏರಿದಾಗ ಅದು ಮುಳುಗುತ್ತದೆ. ಅಲ್ಲಿ 0.35 ದಾರ ಮುಳ್ಳಿಗೆ ಉಜ್ಜಿ ಹೋಗುತ್ತದೆ. 0.40 ಹಾಕಿ, ಪ್ರತಿ ಮೀನಿನ ಮೇಲೂ ಕೊನೆಯ ಎರಡು ಮಾರು ದಾರವನ್ನು ಬೆರಳುಗಳ ನಡುವೆ ಎಳೆದು ನೋಡಿ. ಒಂದು ಕಡೆ ಒರಟು ಸಿಕ್ಕರೂ ಅಲ್ಲಿಗೆ ಕತ್ತರಿಸಿ ಹೊಸ ಗಂಟು ಹಾಕಿ. ಕತ್ತರಿಸಿದ ತುಂಡನ್ನು ಜೇಬಿಗೆ ಹಾಕಿಕೊಳ್ಳಿ, ದಂಡೆಯಲ್ಲಿ ಬಿಟ್ಟರೆ ಬೆಳ್ಳಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಆ ಹುಡುಗನಿಗೆ ನನ್ನ ಡಬ್ಬಿಯಿಂದ ಕಟ್ಟಿಟ್ಟ ಒಂದು ಗೇಣು ದಾರ ಕೊಟ್ಟೆ. ಮಧ್ಯಾಹ್ನದ ಮೇಲೆ ಒಂದು ಕಾಮನ್ ಕಾರ್ಪ್ ಸಿಕ್ಕಿತು, ಎರಡು ಕಿಲೊ ಇರಬಹುದು. ಕೊಕ್ಕೆ ಕೆಳತುಟಿಯ ನಟ್ಟನಡುವೆ ಇತ್ತು. ಅವನು ಅದನ್ನೇ ಸುಮಾರು ಹೊತ್ತು ನೋಡುತ್ತಾ ನಿಂತ. "ಗಂಟು ಹಾಕೋದು ತೋರಿಸ್ತೀರಾ ಅಣ್ಣಾ?" ಅಂದ.

ಬರುವ ಭಾನುವಾರ ಬೆಳಗ್ಗೆ ಆರಕ್ಕೆ ಅವನೂ ಬರುತ್ತಾನೆ, ನಾನೂ ಅಲ್ಲೇ ಇರುತ್ತೇನೆ. ಗಂಟು ಕಲಿಯಬೇಕು ಅನ್ನುವವರು ಬನ್ನಿ. ಕೊಕ್ಕೆ, ದಾರ ನಾನು ತರುತ್ತೇನೆ. ಮೆಕ್ಕೆಜೋಳ ನೀವು ಶುಕ್ರವಾರ ರಾತ್ರಿಯೇ ನೆನೆಹಾಕಿ.