ಚೆರ್ರಿ ಮಾರಿದಾಗ ಹೊಟ್ಟಿಗೆ ಎಷ್ಟು ಸಿಕ್ಕಿತು?

ರೋಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ವ್ಯಾಪಾರ ಕುದುರುವುದು ಔಟ್‌ಟರ್ನ್ ಮೇಲೆ: ಚೀಲದಿಂದ ಎಷ್ಟು ಕೆಜಿ ಬೀಜ ಬರುತ್ತದೆ ಎನ್ನುವುದರ ಮೇಲೆ. 50 ಕೆಜಿ ಚೀಲಕ್ಕೆ 26, 27, ಕಾಯಿ ಚೆನ್ನಾಗಿದ್ದರೆ 28. ಕೊಡಗಿನ ಗೋಣಿಕೊಪ್ಪದಿಂದ ಸುಂಟಿಕೊಪ್ಪದವರೆಗೆ ಅರ್ಧ ಕೆಜಿ ಔಟ್‌ಟರ್ನ್‌ಗೆ ಅರ್ಧ ಗಂಟೆ ಜಗ್ಗಾಡುತ್ತೇವೆ. ಉಳಿದ 22–24 ಕೆಜಿ ಹೊಟ್ಟಿನ ಮಾತೇ ಏಳುವುದಿಲ್ಲ. ಅದು ಚೀಲದೊಳಗೇ ಕೂತು, ಲಾರಿ ಹತ್ತಿ, ಪುಕ್ಕಟೆಯಾಗಿ ತೋಟ ದಾಟುತ್ತದೆ. ಹೆಚ್ಚಿನ ಪಾಲು ಎಲ್ಲೋ ಒಂದು ಒಲೆಗೆ ಉರುವಲಾಗುತ್ತದೆ.

100 ಚೀಲ ಚೆರ್ರಿ ಮಾರಿದವರ ತೋಟದಿಂದ ಹೀಗೆ ಹೊರಬಿದ್ದ ಹೊಟ್ಟು ಸುಮಾರು 2.3 ಟನ್. ಅದರಲ್ಲಿ ಪೊಟ್ಯಾಷಿಯಂ ಶೇ. 2ರ ಆಸುಪಾಸು, ಸಾರಜನಕ ಶೇ. 1ರಿಂದ 1.5. ಗೊಬ್ಬರದ ಅಂಗಡಿ ಲೆಕ್ಕದಲ್ಲಿ ಹೇಳುವುದಾದರೆ 50 ಕೆಜಿಯ ಎರಡು ಚೀಲ ಪೊಟ್ಯಾಷ್‌ಗೆ ಸ್ವಲ್ಪ ಕಡಿಮೆ, 45 ಕೆಜಿಯ ಒಂದೂವರೆ ಚೀಲ ಯೂರಿಯಾ. ದುಡ್ಡಿನಲ್ಲಿ ನೋಡಿದರೆ ಇದೇನು ಮಹಾ ಅನ್ನಿಸಬಹುದು, ಒಪ್ಪುತ್ತೇನೆ. ಆದರೆ ಹೊಟ್ಟಿನಲ್ಲಿ ಅರ್ಧದಷ್ಟು ಇಂಗಾಲ. ಆ ಪೊಟ್ಯಾಷ್ ಮತ್ತು ಯೂರಿಯಾವನ್ನು ಜೂನ್–ಜುಲೈ ಮಳೆಯಲ್ಲಿ ಮಣ್ಣು ಹಿಡಿದಿಟ್ಟುಕೊಳ್ಳಬೇಕಾದರೆ ಬೇಕಾದದ್ದು ಆ ಇಂಗಾಲವೇ, ಅದು ಯಾವ ಚೀಲದಲ್ಲೂ ಬರುವುದಿಲ್ಲ.

ಬೀಜದಲ್ಲಿ ಹೋಗುವುದನ್ನು ತಡೆಯಲಾಗದು, ಮಾರುವುದೇ ಅದನ್ನು. ಒಂದು ಟನ್ ಸಂಸ್ಕರಿಸಿದ ಕಾಫಿ ಬೀಜದಲ್ಲಿ 20–25 ಕೆಜಿ ಸಾರಜನಕ, 16–18 ಕೆಜಿ ಪೊಟ್ಯಾಷಿಯಂ, ಎರಡು ಕೆಜಿ ಮೀರದ ರಂಜಕ ಇರುತ್ತದೆ. ಹೊರಗಿನಿಂದ ಏನನ್ನೂ ಹಾಕದೆ ತೋಟ ನಡೆಸಬಹುದು ಎನ್ನುವವರ ಜೊತೆ ನನ್ನ ತಕರಾರು ಇರುವುದೂ ಇಲ್ಲೇ. ಸಾರಜನಕವನ್ನು ಗಾಳಿಯಿಂದ ಹಿಡಿದು ಕೊಡಲು ದ್ವಿದಳ ಜಾತಿಯ ಮರಗಳ ಬೇರಿನ ಗಂಟುಗಳಿವೆ. ರಂಜಕ, ಪೊಟ್ಯಾಷಿಯಂ ಗಾಳಿಯಲ್ಲಿಲ್ಲ. ಅವು ಕಲ್ಲು ಸವೆದು ಮಣ್ಣಾಗುವಾಗ ಬರಬೇಕು, ಆ ವೇಗ ನಮ್ಮ ಇಳುವರಿಗೆ ಸಾಲದು. ನೂರಾರು ವರ್ಷ ಏನೂ ಹಾಕದೆ ದೇವರಕಾಡು ಬದುಕಿಲ್ಲವೇ ಎಂದು ಕೇಳುತ್ತಾರೆ. ಬದುಕಿದೆ, ಏಕೆಂದರೆ ಅಲ್ಲಿಂದ ಯಾರೂ ವರ್ಷಕ್ಕೆ ನೂರು ಚೀಲ ಹೊರುವುದಿಲ್ಲ.

ಹಿಂದಿನವರಿಗೆ ಈ ಲೆಕ್ಕ ಗೊತ್ತಿತ್ತು. ಕೊಡಗಿನಲ್ಲಿ ಗದ್ದೆಗೆ ಹೊಂದಿಕೊಂಡು ಬಾಣೆ ಎಂಬ ಮರಗಾಡಿನ ಜಮೀನು ಕೊಟ್ಟದ್ದು ಸೊಪ್ಪು, ಸೌದೆ, ಮೇವಿಗೆಂದು. ಬಾಣೆಯ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಗದ್ದೆಗೆ. ಈಗ ಬಾಣೆ ಕಾಫಿ ತೋಟವಾಗಿದೆ, ಕೊಟ್ಟಿಗೆ ಖಾಲಿ, ಗದ್ದೆ ಬಹಳ ಕಡೆ ಪಾಳು. ಅದನ್ನು ಮರಳಿ ತರೋಣ ಎಂದು ಹೇಳುತ್ತಿಲ್ಲ, ಆಳುಕಾಳು ಸಿಗದ ಕಾಲದಲ್ಲಿ ಅದು ಆಗದ ಮಾತು. ತೋಟದ ಒಳಗೇ ಸುತ್ತಬೇಕಾದದ್ದನ್ನು ಒಳಗೇ ಸುತ್ತಿಸುವುದು ಮಾತ್ರ ಈಗಲೂ ನಮ್ಮ ಕೈಯಲ್ಲಿದೆ.

ಹೊಟ್ಟಿನಿಂದಲೇ ಶುರು ಮಾಡಿ. ಕುಶಾಲನಗರಕ್ಕೋ ಮೈಸೂರಿಗೋ ಹೋದ ಹೊಟ್ಟನ್ನು ಬಾಡಿಗೆ ಕೊಟ್ಟು ವಾಪಸ್ ತರುವುದು ದಂಡ. ಹತ್ತಿರದ ಮಿಲ್ಲಿನಲ್ಲಿ ಹಲ್ಲಿಂಗ್ ಮಾಡಿಸಿ (ಹೊಟ್ಟು ಬಿಡಿಸಿ), ಬೀಜ ಮಾರಿ, ಅದೇ ಗಾಡಿಯಲ್ಲಿ ಹೊಟ್ಟು ತನ್ನಿ. ತಂದದ್ದನ್ನು ಹಸಿಯಾಗಿ ಗಿಡದ ಬುಡಕ್ಕೆ ಸುರಿಯಬೇಡಿ. ಸಾರಜನಕದ ನಲವತ್ತು ಪಟ್ಟು ಇಂಗಾಲ ಇರುವ ವಸ್ತು ಅದು. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಕಾಯಿಕೊರಕ ಹುಳು ಕುಳಿತ ಒಡಕಲು ಬೀಜವೂ ಹೊಟ್ಟಿನಲ್ಲಿ ಬರಬಹುದು. ರಾಶಿ ಸರಿಯಾಗಿ ಕಾದರೆ ಎರಡೂ ತೊಂದರೆ ತಪ್ಪುತ್ತದೆ.

ಒಂದು ಟನ್ ಹೊಟ್ಟಿಗೆ 200 ಕೆಜಿ ಹಸಿ ಸಗಣಿ, ಸಿಕ್ಕಷ್ಟು ಹಾಲುವಾಣ ಅಥವಾ ಗ್ಲಿರಿಸಿಡಿಯಾ ಸೊಪ್ಪು, 20–25 ಕೆಜಿ ರಾಕ್ ಫಾಸ್ಫೇಟ್. ರಾಶಿ ಐದು ಅಡಿ ಅಗಲ, ನಾಲ್ಕು ಅಡಿ ಎತ್ತರ, ಉದ್ದ ಎಷ್ಟಾದರೂ ಇರಲಿ. ಹೆಚ್ಚಿನವರು ಎಡವುವುದು ನೀರಿನಲ್ಲಿ. ಒಣ ಹೊಟ್ಟು ಟನ್ನಿಗೆ ಹತ್ತಿರ ಹತ್ತಿರ ಸಾವಿರ ಲೀಟರ್ ಕುಡಿಯುತ್ತದೆ. ಮೇಲಿನಿಂದ ಪೈಪ್ ಹಿಡಿದರೆ ಬದಿಯಿಂದ ಇಳಿದು ಹೋಗುತ್ತದೆ, ಒಳಗೆ ಹೊಟ್ಟು ಬೂದಿಯಂತೆ ಒಣಗೇ ಇರುತ್ತದೆ. ಆದ್ದರಿಂದ ಅರ್ಧ ಅಡಿ ಪದರಕ್ಕೊಮ್ಮೆ ನೆನೆಸುತ್ತಾ ಏರಿಸಿ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಒಂದು ವಾರದೊಳಗೆ ನಡುಭಾಗ 55–60 ಡಿಗ್ರಿ ಮುಟ್ಟಬೇಕು. ಕಬ್ಬಿಣದ ಸಲಾಕೆ ಚುಚ್ಚಿಟ್ಟು ಸ್ವಲ್ಪ ಹೊತ್ತಿನ ನಂತರ ತೆಗೆದರೆ ಹಿಡಿದುಕೊಳ್ಳಲಾಗದಷ್ಟು ಬಿಸಿ ಇರಬೇಕು. ಬಿಸಿಯೇ ಇಲ್ಲವೆಂದರೆ ನೀರು ಅಥವಾ ಸಗಣಿ ಸಾಲದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ, ತಿರುವಿ ಹಾಕಿ. ಮೂಗಿಗೆ ಅಮೋನಿಯಾ ಹೊಡೆದರೆ ಸಾರಜನಕ ಹಾರಿಹೋಗುತ್ತಿದೆ ಎಂದರ್ಥ, ಒಣ ತರಗು ಸೇರಿಸಿ. ಇದೇ ಕಾರಣಕ್ಕೆ ಸಗಣಿ ಬಿದ್ದ ರಾಶಿಗೆ ಸುಣ್ಣ, ಒಲೆ ಬೂದಿ ಬೆರೆಸಬೇಡಿ. ಮೂರು ವಾರಕ್ಕೊಮ್ಮೆಯಂತೆ ಮೂರು ಸಲ ತಿರುವಿದರೆ ಮೂರು–ನಾಲ್ಕು ತಿಂಗಳಲ್ಲಿ ಗೊಬ್ಬರ.

ಮಾರ್ಚ್‌ನಲ್ಲಿ ಹಾಕಿದ ರಾಶಿ ಮಾಗುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಮೀ ದಾಟುವುದು ಸಾಮಾನ್ಯ, ಭಾಗಮಂಡಲದ ಕಡೆ ಅದಕ್ಕೂ ಹೆಚ್ಚು. ಪೊಟ್ಯಾಷಿಯಂ ನೀರಿನಲ್ಲಿ ಸಲೀಸಾಗಿ ಕರಗುವಂಥದ್ದು, ಮುಚ್ಚದ ರಾಶಿಯಿಂದ ಕಂದು ಬಣ್ಣದ ನೀರಾಗಿ ತೋಡು (ಹಳ್ಳ) ಸೇರುತ್ತದೆ. ಎತ್ತರದ ಜಾಗದಲ್ಲಿ ಹಾಕಿ, ಟಾರ್ಪಾಲ್ ಹೊದಿಸಿ, ದೊಡ್ಡ ಮಳೆ ಕಳೆದ ಮೇಲೆ ಸೆಪ್ಟೆಂಬರ್‌ನಲ್ಲಿ ಹರಡಿ. ಇಡೀ ತೋಟಕ್ಕೆ ಹಂಚಲು ಹೋದರೆ ಗಿಡಕ್ಕೆ ತೀರಾ ಕಡಿಮೆ ಬೀಳುತ್ತದೆ, ಹೆಚ್ಚು ಉಪಯೋಗವಿಲ್ಲ. ವರ್ಷಕ್ಕೆ ಮೂರನೇ ಒಂದು ಭಾಗದಂತೆ, ಗಿಡಕ್ಕೆ ನಾಲ್ಕೈದು ಕೆಜಿ ಹಾಕಿ.

ಅರೇಬಿಕಾ ಪಲ್ಪಿಂಗ್ ಮಾಡುವವರ, ಅಂದರೆ ಹಸಿ ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆಯುವವರ, ಸಮಸ್ಯೆ ಬೇರೆ. ಸಿಪ್ಪೆ ತೋಟದಲ್ಲೇ ಉಳಿಯುತ್ತದೆ, ಅದನ್ನು ಒಣ ತರಗಿನ ಜೊತೆ ರಾಶಿ ಹಾಕಿದರಾಯಿತು. ತಂಟೆ ಇರುವುದು ನೀರಿನಲ್ಲಿ. ಸಕ್ಕರೆ, ಲೋಳೆ ತುಂಬಿದ ಆ ನೀರು ಕೊಳೆಯಲು ಲೀಟರಿಗೆ 4000 ಮಿಲಿಗ್ರಾಂ ಆಮ್ಲಜನಕ ಬೇಡುವುದು ಸಾಮಾನ್ಯ. ತಿಳಿ ತೋಡಿನ ಒಂದು ಲೀಟರ್ ನೀರಿನಲ್ಲಿ ಇರುವುದು ಎಂಟು ಮಿಲಿಗ್ರಾಂ. ಅಂದರೆ ಒಂದು ಲೀಟರ್ ಪಲ್ಪಿಂಗ್ ನೀರು 500 ಲೀಟರ್ ತೋಡಿನ ಉಸಿರು ಕಟ್ಟಿಸಬಲ್ಲದು, ಅದೂ ತೋಡು ಬಡಕಲಾಗುವ ಡಿಸೆಂಬರ್–ಜನವರಿಯಲ್ಲಿ. ಆ ತೋಡು ಸೇರುವುದು ಕಾವೇರಿಗೋ ಲಕ್ಷ್ಮಣತೀರ್ಥಕ್ಕೋ. ಕಡಿಮೆ ನೀರಿನ ಪಲ್ಪರ್ ಬಳಸಿ, ಅದೇ ನೀರನ್ನು ಮರುಬಳಸಿ, ಉಳಿದದ್ದನ್ನು ಸುಣ್ಣ ಹಾಕಿದ ಗುಂಡಿಗೆ ಬಿಡಿ.

ಯೂರಿಯಾ ಬೇಡ ಎನ್ನುವ ಪೈಕಿ ನಾನಲ್ಲ. ಹೇಗೆಂದರೆ ಹಾಗೆ ಎರಚುವುದು ಮಾತ್ರ ಶುದ್ಧ ನಷ್ಟ. ಅರೆ ಒದ್ದೆ ತರಗಿನ ಮೇಲೆ ಬಿದ್ದ ಯೂರಿಯಾ, ವಾರದೊಳಗೆ ಮಳೆ ಬಾರದಿದ್ದರೆ ಅಮೋನಿಯಾ ಆಗಿ ಹಾರುತ್ತದೆ. ಜಡಿಮಳೆಗೆ ಮುಂಚೆ ಬಿದ್ದದ್ದು ನೈಟ್ರೇಟ್ ಆಗಿ ಬೇರಿಗಿಂತ ಕೆಳಗೆ ಇಳಿಯುತ್ತದೆ. ಹದ ಇರುವಾಗ ತರಗು ಸರಿಸಿ, ಬುಡದಿಂದ ಒಂದೂವರೆ ಅಡಿ ಬಿಟ್ಟು ಸುತ್ತ ಹಾಕಿ, ತರಗು ಮತ್ತೆ ಎಳೆದು ಮುಚ್ಚಿ. ವರ್ಷದ ಪಾಲನ್ನು ಮೂರು–ನಾಲ್ಕು ಕಂತು ಮಾಡಿ. ಯೂರಿಯಾದ ಒಂದು ಕೆಜಿ ಸಾರಜನಕ ಹುಟ್ಟಿಸುವ ಹುಳಿಯನ್ನು ತಣಿಸಲು ಸುಮಾರು 1.8 ಕೆಜಿ ಸುಣ್ಣ ಬೇಕು ಎನ್ನುವುದೂ ನೆನಪಿರಲಿ. ಎರಡು ಚೀಲಕ್ಕೆ 75 ಕೆಜಿ. ಸುಣ್ಣ ಕಾಣದ ತೋಟದಲ್ಲಿ ಹಾಕಿದ ರಂಜಕವನ್ನು ಕೆಂಪು ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ ಕಚ್ಚಿಕೊಳ್ಳುತ್ತವೆ, ಗಿಡಕ್ಕೆ ಸಿಗುವುದಿಲ್ಲ. ಸುಣ್ಣಕ್ಕೂ ಗೊಬ್ಬರಕ್ಕೂ ಮೂರು ವಾರ ಅಂತರ ಇರಲಿ.

ನೆರಳಿನ ಮರದ ಬಗ್ಗೆ ಜಗಳ ಜೋರಾಗಿದೆ. ಸಿಲ್ವರ್ ಓಕ್ ಕಾಳುಮೆಣಸಿನ ಬಳ್ಳಿಗೆ ಒಳ್ಳೆಯದು, ಕಡಿಯಲು ರಗಳೆ ಕಡಿಮೆ, ಎಲ್ಲ ಸರಿ. ಆದರೆ ಅದು ಸಾರಜನಕ ಕೊಡುವ ಮರವಲ್ಲ, ಎಲೆಯೂ ನಿಧಾನ ಕರಗುತ್ತದೆ. ಹಾಲುವಾಣದ ಎಲೆ ಬೇಗ ಕರಗಿ ಗಿಡಕ್ಕೆ ಉಣಿಸುತ್ತದೆ, ಓಕಿನ ಎಲೆ ಉಳಿದು ಮಳೆಹನಿಯ ಹೊಡೆತ ತಡೆಯುತ್ತದೆ. ಬಿಲ್ವಾರ, ಹೊನ್ನೆ, ಬೀಟೆ, ಅತ್ತಿ, ಹಲಸಿನ ಆಳದ ಬೇರು ಕಾಫಿ ಬೇರಿಗೆ ಎಟುಕದೆ ಇಳಿದುಹೋದದ್ದನ್ನು ಎತ್ತಿ ಎಲೆಯಲ್ಲಿ ಉದುರಿಸುತ್ತದೆ. ಬೆರಕೆ ನೆರಳು ಬೇಕು ಎನ್ನುವುದು ಇದಕ್ಕೆ. ಮರ ಕಪಾತು ಮಾಡಿಸಿದಾಗ ಸೌದೆ ಬೇಕಿದ್ದರೆ ಒಯ್ಯಿರಿ, ಎಲೆ ಮತ್ತು ಚಿಕ್ಕ ರೆಂಬೆ ಅಲ್ಲೇ ಬಿಡಿ, ಸತ್ವ ಇರುವುದು ಅದರಲ್ಲಿ. ಬೆಂಕಿ ಹಾಕಿದರೆ ಸಾರಜನಕದ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ, ಬೂದಿಯ ಪೊಟ್ಯಾಷ್ ಮೊದಲ ಮಳೆಗೆ ಹೋಗುತ್ತದೆ.

ಇಳಿಜಾರು ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಸಿ. ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ, ಒಂದಡಿ ಅಗಲ, ಒಂದೂವರೆ ಅಡಿ ಆಳ. ಕೊಚ್ಚಿಬಂದ ತರಗು, ಮೇಲ್ಮಣ್ಣು ಅದರಲ್ಲಿ ನಿಲ್ಲುತ್ತದೆ. ತುಂಬಿದ ಮೇಲೆ ಪಕ್ಕದಲ್ಲಿ ಹೊಸದು ತೆಗೆಯಬೇಕು. ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ತೆಗೆಯಬೇಡಿ, ಕಾಳುಮೆಣಸಿಗೆ ಸೊರಗು ರೋಗ ಕರೆದು ತಂದಂತಾಗುತ್ತದೆ.

ಇಷ್ಟಾದ ಮೇಲೂ ಎಷ್ಟು ಕೊಳ್ಳಬೇಕು ಎಂದು ತಿಳಿಯಲು ಮಣ್ಣು ಪರೀಕ್ಷೆ ಬೇಕೇ ಬೇಕು. ಗೊಬ್ಬರ ಅಥವಾ ಸುಣ್ಣ ಹಾಕಿ ಎರಡು–ಮೂರು ತಿಂಗಳಾದರೂ ಕಳೆದಿರಲಿ. ತರಗು ಸರಿಸಿ, ಹತ್ತು–ಹದಿನೈದು ಕಡೆ ಮುಕ್ಕಾಲು ಅಡಿ ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕಳಿಸಿ. ಏರಿನದನ್ನೂ ತಗ್ಗಿನದನ್ನೂ ಒಂದೇ ಚೀಲಕ್ಕೆ ಹಾಕಬೇಡಿ.