ಜೇನಿನ ಪಾಠ ಮಳೆಗಾಲಕ್ಕೂ ಬರಲಿ

ಇಂಗ್ಲೆಂಡಿನಲ್ಲಿ ಜೇನು ಸಾಕಣೆ ಕಲಿಸುವುದು ಹೆಚ್ಚಾಗಿ ಆಯಾ ಊರಿನ ಸಂಘಗಳು. ಚಳಿಗಾಲದ ಸಂಜೆಗಳಲ್ಲಿ ಬಾಯಿಮಾತಿನ ಪಾಠ. ಏಪ್ರಿಲ್ ಕಳೆದು ಬಿಸಿಲು ಬಂದಮೇಲೆ ವಾರಾಂತ್ಯಗಳಲ್ಲಿ ಸಂಘದ ಪೆಟ್ಟಿಗೆಗಳನ್ನು ತೆರೆದು ಕೈಪಾಠ. ಇಲ್ಲಿಗೆ ಬಂದಮೇಲೆ ನಾನೂ ಹೀಗೇ ಕಲಿತೆ. ಊರು ಮಲೆನಾಡಿನ ಸಿದ್ದಾಪುರದ ಕಡೆಯಾದ್ದರಿಂದ ಕಲಿಯುವಾಗೆಲ್ಲ ಮನಸ್ಸು ಎರಡೂ ಕಡೆ ಓಡಾಡುತ್ತಿತ್ತು.

ಇಲ್ಲಿನ ಪಾಠದಲ್ಲಿ ನನಗೆ ತುಂಬ ಹಿಡಿಸಿದ್ದು ಪ್ರತಿ ಕೆಲಸಕ್ಕೂ ಹುಳದ ಲೆಕ್ಕದಿಂದಲೇ ಕಾರಣ ಹೇಳುವ ಕ್ರಮ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಪೆಟ್ಟಿಗೆ ನೋಡಿ ಅನ್ನುತ್ತಾರೆ. ಯಾಕೆ? ರಾಣಿಯಾಗಬೇಕಾದ ಮೊಟ್ಟೆಯ ಕೋಶಕ್ಕೆ ಎಂಟು-ಒಂಬತ್ತು ದಿನದಲ್ಲಿ ಮುಚ್ಚಳ ಬೀಳುತ್ತದೆ, ಆ ಹೊತ್ತಿಗೆ ಹಳೆ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹಾರಿಹೋಗುತ್ತದೆ. ಆಗಸ್ಟಿನಲ್ಲಿ ತುಪ್ಪ ತೆಗೆದರೂ ಪಾಠ ಮುಗಿಯದು. ಜೇನುಹುಳಕ್ಕೆ ಅಂಟುವ ವರೋವಾ ಉಣುಗಿಗೆ ಔಷಧಿ, ಸೆಪ್ಟೆಂಬರಿನಲ್ಲಿ ಸಕ್ಕರೆ ಪಾಕ, ಚಳಿಗಾಲ ದಾಟಲು ಒಂದೊಂದು ಕುಟುಂಬಕ್ಕೆ ಸುಮಾರು 20 ಕಿಲೋ ದಾಸ್ತಾನು. 1874ರಲ್ಲಿ ಹುಟ್ಟಿದ ಬ್ರಿಟಿಷ್ ಜೇನು ಸಾಕುವವರ ಸಂಘದ ಮೊದಲ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ ಒಂದು ವರ್ಷ ಜೇನು ಸಾಕಿರಲೇಬೇಕು. ಈ ನಿಯಮ ನನಗೆ ಬಹಳ ಸರಿ ಅನ್ನಿಸುತ್ತದೆ.

ನಮ್ಮಲ್ಲಿ ಎರಡು-ಮೂರು ದಿನದ ತರಬೇತಿ, ಸಬ್ಸಿಡಿಯಲ್ಲಿ ಪೆಟ್ಟಿಗೆ. ಬೇಸಿಗೆ ರಜೆಯ ಶಿಬಿರವಾದರೆ ಇನ್ನೂ ಸಂಭ್ರಮ: ನೇರಳೆ ಹೂ ಬಿಟ್ಟಿರುತ್ತದೆ, ಎರಿ (ಹುಳ ಕಟ್ಟುವ ಮೇಣದ ಹಲ್ಲೆ) ತುಂಬಿರುತ್ತದೆ, ಯಂತ್ರ ತಿರುಗಿಸಿದರೆ ತುಪ್ಪ ಸುರಿಯುತ್ತದೆ. ನೋಡಿದವರಿಗೆಲ್ಲ ಆಸೆ ಹುಟ್ಟುತ್ತದೆ, ಹುಟ್ಟಲಿ. ಆದರೆ ಮಲೆನಾಡಿನಲ್ಲಿ ಜೇನು ಸೋಲುವುದು ಜೂನ್ ನಂತರ. ಮಳೆ ಹಿಡಿದರೆ ಹುಳ ಹೊರಗೆ ಹೋಗಲಾರದು, ಹೋದರೂ ಹೂವಿಲ್ಲ. ಪಾಕ ಕೊಡದಿದ್ದರೆ, ಇರುವೆ ಹತ್ತಿದರೆ, ಎರಿ ತಿನ್ನುವ ಮೇಣದ ಪತಂಗ ಸೇರಿದರೆ, ನಾವು ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು ತುಡುವೆ ತಡೆದುಕೊಂಡು ಕೂರುವ ಜಾತಿಯಲ್ಲ, ಗೂಡು ಬಿಟ್ಟು ಹೊರಟೇ ಬಿಡುತ್ತದೆ. ಇಲ್ಲಿನ ಯುರೋಪಿಯನ್ ಜೇನು ಅಷ್ಟು ಸುಲಭಕ್ಕೆ ಮನೆ ಬಿಡುವುದಿಲ್ಲ. ಹಾಗಾಗಿ ವರ್ಷದುದ್ದದ ಪಾಠ ಹೆಚ್ಚು ಬೇಕಾದದ್ದು ನಮಗೆ, ಇರುವುದು ಇವರಿಗೆ.

ಇವರಲ್ಲಿ ಇಲ್ಲದ್ದೂ ನಮ್ಮಲ್ಲಿದೆ. ಇಲ್ಲಿ ಹೊಸಬರು ಸಾಮಾನ್ಯವಾಗಿ ಐದಾರು ಚೌಕಟ್ಟಿನ ಕುಟುಂಬವನ್ನು ದುಡ್ಡು ಕೊಟ್ಟು ತರುತ್ತಾರೆ. ಊರಲ್ಲಿ ಮರದ ಪೊಟರೆಯಿಂದ, ಹುತ್ತದಿಂದ ಎರಿ ಬಿಡಿಸಿ ಚೌಕಟ್ಟಿಗೆ ಬಾಳೆನಾರಿನಲ್ಲಿ ಕಟ್ಟುವವರಿದ್ದಾರೆ. 1990ರ ದಶಕದ ಆರಂಭದಲ್ಲಿ ಮರಿಹುಳಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನುಂಗಿದಾಗ ಎಷ್ಟೋ ಜನ ಪೆಟ್ಟಿಗೆ ಅಟ್ಟಕ್ಕೇರಿಸಿದರು. ಬಿಡದೆ ಉಳಿದವರ ಕಣ್ಣಿಗೆ ರೋಗದ ಮರಿ ಯಾವುದು, ಗಟ್ಟಿ ಕುಟುಂಬ ಯಾವುದು ಎಂಬುದು ಚೆನ್ನಾಗಿ ಗೊತ್ತು. ಅಂಥವರನ್ನು ತರಬೇತಿಯ ದಿನ ಶಾಲು ಹೊದಿಸಿ ಕಳಿಸಿದರೆ ಸಾಲದು.

ನನ್ನ ಕೋರಿಕೆ ಇಷ್ಟು. ಬೇಸಿಗೆ ಶಿಬಿರ ಇರಲಿ, ಆದರೆ ಅದೇ ಶಿಬಿರಾರ್ಥಿಗಳನ್ನು ಜುಲೈನಲ್ಲಿ ಒಂದು ದಿನ ಕರೆದು ಪಾಕ ಇಡುವುದನ್ನೂ, ಇರುವೆ ಹತ್ತದಂತೆ ಪೆಟ್ಟಿಗೆಯ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಕೊಡುವುದನ್ನೂ ಕಲಿಸಲಿ. ಮಳೆ ಮುಗಿದು ಕುಟುಂಬ ಬಲಿತಾಗ ಒಂದನ್ನು ಎರಡಾಗಿ ಪಾಲು ಮಾಡುವುದನ್ನು ಕಲಿಸಲಿ. ಸಬ್ಸಿಡಿಯ ಒಂದು ಪಾಲು ಆ ಹಳಬರಿಗೆ ದಿನಗೂಲಿಯಾಗಿ ಹೋಗಲಿ, ಒಬ್ಬೊಬ್ಬರು ನಾಲ್ಕೈದು ಹೊಸಬರ ಮನೆಗೆ ತಿಂಗಳಿಗೊಮ್ಮೆ ಹೋಗಿ ಪೆಟ್ಟಿಗೆ ತೆರೆದು ನೋಡಿ ಬರಲಿ.