ಒಂದು ಹಿಂಜ್ ಕಿತ್ತು ಬಂದರೆ ಇಡೀ ಕಿಚನ್ ಬದಲಾಯಿಸಬೇಕಾ?

"ಪಾರ್ಟಿಕಲ್ ಬೋರ್ಡ್ ಅಲ್ವಾ ಸಾರ್, ಇದು ರಿಪೇರಿ ಆಗಲ್ಲ. ತೆಗೆದು ಹೊಸದು ಹಾಕಿಸ್ಬಿಡಿ."

ಬೆಂಗಳೂರಿನಲ್ಲಿ ಕ್ಯಾಬಿನೆಟ್ ಬಾಗಿಲು ಜೋತುಬಿದ್ದ ಮನೆಗಳಲ್ಲೆಲ್ಲ ಈ ಮಾತು ಕೇಳಿಸುತ್ತದೆ. ನಾನು ಒಪ್ಪುವುದಿಲ್ಲ. ಈ ಬೋರ್ಡಿಗೆ ಮುಖ್ಯವಾಗಿ ಎರಡು ತೊಂದರೆ. ಒಂದು, ಸ್ಕ್ರೂ ಹಿಡಿತ ಬಿಡುವುದು. ಇನ್ನೊಂದು, ನೀರು ಕುಡಿದು ಉಬ್ಬುವುದು. ಮೊದಲನೆಯದನ್ನು ಮನೆಯಲ್ಲೇ ಗಟ್ಟಿಯಾಗಿ ಸರಿ ಮಾಡಬಹುದು. ಎರಡನೆಯದು ಮಾತ್ರ ಸ್ವಲ್ಪ ಹಟಮಾರಿ.

ಹಾಗೆ ಹೇಳುವ ಕಾರ್ಪೆಂಟರನ್ನು ಬೈಯುತ್ತಿಲ್ಲ. ಒಂದು ಹಿಂಜ್ ಕೂರಿಸುವುದಕ್ಕೆ ಈ ಟ್ರಾಫಿಕ್ಕಿನಲ್ಲಿ ಬಂದು ಹೋದರೆ ಅವರಿಗೆ ಗಿಟ್ಟುವುದಾದರೂ ಏನು? ಅಂಟು ಒಣಗಲು ಒಂದು ರಾತ್ರಿ ಬೇಕು. ಅಂದರೆ ಎರಡು ಸಲ ಬರಬೇಕು. ಅದಕ್ಕೇ ಇದು ನಾವೇ ಕಲಿತುಕೊಳ್ಳಬೇಕಾದ ಕೆಲಸ.

ಮರದ ಚೂರುಗಳನ್ನು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ ಕಲಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಮಾಡಿದ ಹಲಗೆ ಇದು. ಎರಡು ಕಡೆ ಲ್ಯಾಮಿನೇಟ್, ಅಂಚಿಗೆ ಪಿವಿಸಿ ಪಟ್ಟಿ. ತೇಗದಲ್ಲಿರುವ ಉದ್ದ ನಾರು ಇದರಲ್ಲಿಲ್ಲ. ಬಾಗಿಲು ಎಳೆದೆಳೆದು ಒಳಗಿನ ಚೂರು ಸಡಿಲವಾದರೆ ತೂತು ಅಗಲವಾಗುತ್ತದೆ, ಸ್ಕ್ರೂ ಸುಮ್ನೆ ತಿರುಗುತ್ತದೆ. ಆಗ ನಾವೆಲ್ಲ ಮಾಡುವುದು ಒಂದೋ ದಪ್ಪ ಸ್ಕ್ರೂ ಹಾಕುವುದು, ಇಲ್ಲವೇ ಬೆಂಕಿಕಡ್ಡಿ ತುರುಕುವುದು. ಬೆಂಕಿಕಡ್ಡಿ ಉಪಾಯ ಗಟ್ಟಿ ಮರಕ್ಕೆ ಸರಿ. ಇಲ್ಲಿ ತೂತಿನ ಸುತ್ತಲೂ ಪುಡಿಯೇ ಇರುವಾಗ ಆ ಕಡ್ಡಿಗೆ ಆಸರೆ ಎಲ್ಲಿಂದ ಬರಬೇಕು?

ಆ ಪುಡಿಯನ್ನೆಲ್ಲ ತೆಗೆದುಬಿಡಿ. ಹಾಳಾದ ತೂತನ್ನು 8 ಮಿ.ಮೀ. ಡ್ರಿಲ್ ಬಿಟ್ಟಿನಿಂದ ದೊಡ್ಡದು ಮಾಡಿ. ಬೋರ್ಡು ಸಾಮಾನ್ಯವಾಗಿ 18 ಮಿ.ಮೀ. ದಪ್ಪ ಇರುತ್ತದೆ. ಹಾಗಾಗಿ ಬಿಟ್ಟಿನ ಮೇಲೆ 12 ಮಿ.ಮೀ. ಅಳತೆಗೆ ಟೇಪ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ಪಕ್ಕದ ಕ್ಯಾಬಿನೆಟ್ಟಿಗೆ ಕಿಟಕಿ ಬರುತ್ತದೆ. ತೂತಿನ ಒಳಗೆಲ್ಲ ಮರದ ಅಂಟು ಸವರಿ, 8 ಮಿ.ಮೀ. ಡೋವೆಲ್, ಅಂದರೆ ಮರದ ಗೂಟ, ಬಡಿದು ಕೂರಿಸಿ. ರಾತ್ರಿಯಿಡೀ ಮುಟ್ಟಬೇಡಿ. ಬೆಳಿಗ್ಗೆ ಹೊರಗೆ ಉಳಿದ ತುದಿಯನ್ನು ಸಮವಾಗಿ ಕೊಯ್ದು, ನಡುವೆ ಸಣ್ಣ ತೂತು ಕೊರೆದು, ಸ್ಕ್ರೂ ಹಾಕಿ. ಕೊನೆಯ ಸುತ್ತುಗಳು ಕೈಯಲ್ಲೇ ಆಗಲಿ. ಡ್ರಿಲ್ ಮೆಷಿನ್ನಿನಲ್ಲಿ ಬಿಗಿ ಮಾಡಲು ಹೋಗಿ ಹೊಸ ಬೋರ್ಡನ್ನೇ ಹಾಳು ಮಾಡುವವರನ್ನು ನೋಡಿದ್ದೇನೆ, ಅದೂ ಫಿಟ್ಟಿಂಗ್ ದಿನವೇ.

ಇನ್ನು ಬಾಗಿಲಿನ ಕಡೆ ಹಿಂಜ್ ಕೂರುವ 35 ಮಿ.ಮೀ. ಗುಂಡಿಯೇ ಒಡೆದುಹೋಗಿದ್ದರೆ ಗೂಟ ಸಾಲದು. ಅದಕ್ಕೆ ಸ್ಟೀಲಿನ ರಿಪೇರಿ ಪ್ಲೇಟ್ ಸಿಗುತ್ತದೆ. ಒಡೆದ ಜಾಗವನ್ನು ದಾಟಿ, ಗಟ್ಟಿ ಇರುವ ಕಡೆ ಸ್ಕ್ರೂ ಕೂರುತ್ತದೆ. ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ. ಬಾಗಿಲು ಮುಚ್ಚಿದರೆ ಕಾಣುವುದೂ ಇಲ್ಲ, ಬಿಡಿ.

ಈಗ ನೀರಿನ ವಿಷಯ. ಉಬ್ಬಿದ ಬೋರ್ಡು ಒಣಗಿದರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಒತ್ತಿ ಕೂರಿಸಿದ್ದ ಚೂರುಗಳು ನೀರು ಕುಡಿದು ಅರಳುತ್ತವೆ, ನಡುವಿನ ಅಂಟು ಬಿಟ್ಟುಕೊಳ್ಳುತ್ತದೆ. ಯಾವ ಪೇಸ್ಟೂ ಅದನ್ನು ಹಿಂದಕ್ಕೆ ತರಲಾರದು. ನಮ್ಮ ಕೈಲಾಗುವುದು ಅಲ್ಲಿಗೇ ನಿಲ್ಲಿಸುವುದು. ಮೊದಲು ಲೀಕ್ ಸರಿಯಾಗಬೇಕು. ಸಿಂಕಿನ ಕೆಳಗಿನ ಪೈಪ್ ಜಾಯಿಂಟ್ ತೊಟ್ಟಿಕ್ಕುತ್ತಿರುವಾಗ ಕ್ಯಾಬಿನೆಟ್ ರಿಪೇರಿಗೆ ಕೂರುವುದು ದಂಡ. ಆಮೇಲೆ ಬಾಗಿಲು ತೆಗೆದು, ಒಳಗಿನ ಸಾಮಾನೆಲ್ಲ ಹೊರಗಿಟ್ಟು, ಚೆನ್ನಾಗಿ ಗಾಳಿಯಾಡಲು ಬಿಡಿ. ಬಿಚ್ಚಿಕೊಂಡ ಪದರಗಳ ನಡುವೆ ವಾಟರ್‌ಪ್ರೂಫ್ ಮರದ ಅಂಟನ್ನು ಸಿರಿಂಜಿನಲ್ಲಿ ಬಿಟ್ಟು, ಎರಡು ಕಡೆ ಪ್ಲಾಸ್ಟಿಕ್ ಸುತ್ತಿದ ಪಟ್ಟಿ ಇಟ್ಟು ಸಿ ಕ್ಲ್ಯಾಂಪಿನಿಂದ ಬಿಗಿಯಿರಿ. ಪ್ಲಾಸ್ಟಿಕ್ ಇಲ್ಲದಿದ್ದರೆ ಪಟ್ಟಿಯೂ ಅಲ್ಲೇ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ, ಒಡೆದ ಮೂಲೆಗೆ ಎಂ-ಸೀಲ್ ತುಂಬಿ, ಬಿಚ್ಚಿಕೊಂಡ ಅಂಚಿಗೆಲ್ಲ ಎನಾಮಲ್ ಪೇಂಟ್ ಬಳಿಯಿರಿ. ಉಜ್ಜುವ ಕೆಲಸ ಬಾಲ್ಕನಿಯಲ್ಲಿ, ಮಾಸ್ಕ್ ಹಾಕಿಕೊಂಡೇ ಆಗಲಿ. ಆ ಧೂಳಿನಲ್ಲಿ ಅಂಟೂ ಇದೆ. ಬೋರ್ಡು ಅವಲಕ್ಕಿಯ ಹಾಗೆ ಮೆತ್ತಗಾಗಿ ಬೆರಳಿಗೇ ಉದುರುತ್ತಿದ್ದರೆ ಇದ್ಯಾವುದೂ ಬೇಡ. ಆ ಒಂದು ಹಲಗೆ ತೆಗೆದು ಪ್ಲೈವುಡ್ ಹಾಕಿ. ಆ ಒಂದೇ ಹಲಗೆ, ಇಡೀ ಕಿಚನ್ ಅಲ್ಲ.

ನನ್ನ ಸಿಟ್ಟು ಇರುವುದು ಇಲ್ಲೇ. ಪಾರ್ಟಿಕಲ್ ಬೋರ್ಡು ಕೆಟ್ಟ ವಸ್ತುವಲ್ಲ. ಪುಸ್ತಕದ ಶೆಲ್ಫಿಗೆ, ಮೇಲಿನ ಕ್ಯಾಬಿನೆಟ್ಟಿಗೆ ಧಾರಾಳವಾಗಿ ಸಾಕು. ಸಿಂಕಿನ ಕೆಳಗೆ ಅದನ್ನು ಹಾಕುವುದು ಮಾತ್ರ ಸೋಮಾರಿತನ. ಅಲ್ಲಿಗೆ ಐಎಸ್ 710 ಗುರುತಿನ ಪ್ಲೈ, ಅಂದರೆ ನೀರು ತಾಳುವ ಮರೈನ್ ಪ್ಲೈವುಡ್, ಬೇಕು. ಮಲ್ಲೇಶ್ವರಂ 18ನೇ ಕ್ರಾಸಿನಲ್ಲಿ ಮರದ ಸಂಶೋಧನೆಗೆಂದೇ ಕೇಂದ್ರ ಸರ್ಕಾರದ ಸಂಸ್ಥೆ ಇರುವ ಊರು ನಮ್ಮದು. ಆದರೂ ನಾವು ಕಿಚನ್ ಬುಕ್ ಮಾಡುವುದು ಲ್ಯಾಮಿನೇಟಿನ ಬಣ್ಣ ನೋಡಿ. ಒಳಗೆ ಏನಿದೆ ಅಂತ ಕೇಳುವುದೇ ಇಲ್ಲ. ಒಳಗಿನ ಬೋರ್ಡು ಹಸಿರು ಬಣ್ಣದ್ದು, ನೀರಿಗೆ ಏನೂ ಆಗಲ್ಲ ಅಂದರೂ ನಂಬಬೇಡಿ. ಆ ಬಣ್ಣ ಬರೀ ಗುರುತಿಗೆ. ಅಂಥ ಬೋರ್ಡು ತೇವಾಂಶ ತಡೆಯುತ್ತದೆ, ನಿಂತ ನೀರನ್ನಲ್ಲ.

ನಮ್ಮ ಅಭ್ಯಾಸದ ಪಾಲೂ ಇದೆ. ಹಬ್ಬ ಬಂತೆಂದರೆ ಬಕೆಟ್ಟುಗಟ್ಟಲೆ ನೀರು ಹಾಕಿ ಮನೆ ತೊಳೆಯುತ್ತೇವೆ. ಹಳೇ ಕಾಲದ ಬೀರುವಿಗೆ ಕಾಲು ಇತ್ತು. ಈಗಿನ ವಾರ್ಡ್‌ರೋಬು ನೆಲಕ್ಕೇ ಕೂತಿರುತ್ತದೆ, ಒದ್ದೆ ಮಾಪ್ ದಿನಾ ಅದರ ಬುಡಕ್ಕೇ ತಾಗುತ್ತದೆ. ಅದರ ಕೆಳಗೆ ಪಿವಿಸಿ ಕಾಲು ಹಾಕಿಸಿದರೆ ಅರ್ಧ ತಲೆನೋವು ಕಡಿಮೆ.

ಬಾಡಿಗೆ ಮನೆಯಲ್ಲಿ ಇದು ನೇರ ದುಡ್ಡಿನ ವಿಷಯ. ಖಾಲಿ ಮಾಡುವಾಗ ಉಬ್ಬಿದ ಕ್ಯಾಬಿನೆಟ್ ತೋರಿಸಿ ಅಡ್ವಾನ್ಸಿನಲ್ಲಿ ಹಿಡಿಯುವ ಓನರುಗಳು ಬೇಕಾದಷ್ಟು. ಮನೆಗೆ ಹೋದ ದಿನವೇ ಸಿಂಕಿನ ಕೆಳಗೆ ಟಾರ್ಚ್ ಬಿಟ್ಟು ಫೋಟೋ ತೆಗೆದು ಓನರಿಗೆ ವಾಟ್ಸಾಪ್ ಮಾಡಿಬಿಡಿ.

ಕಿತ್ತು ಎಸೆಯುವುದೂ ಸುಲಭವಲ್ಲ. ಕಬ್ಬಿಣ, ಪೇಪರ್ ಆದರೆ ಗುಜರಿಯವರು ಒಯ್ಯುತ್ತಾರೆ. ಇದನ್ನು ಮುಟ್ಟುವುದೂ ಇಲ್ಲ. ಸ್ನಾನದ ಒಲೆಗೆ ಹಾಕೋಣ ಅಂದರೆ ಅಂಟು, ಲ್ಯಾಮಿನೇಟ್ ಎರಡೂ ವಿಷದ ಹೊಗೆ. ಕೊನೆಗೆ ರಾತ್ರಿ ಯಾರಿಗೂ ಕಾಣದ ಹಾಗೆ ಖಾಲಿ ಸೈಟಿನ ಮೂಲೆ ಸೇರುತ್ತದೆ. ನಮ್ಮ ಏರಿಯಾದ ಖಾಲಿ ಸೈಟುಗಳಲ್ಲಿ ಎಷ್ಟೊಂದು ವಾರ್ಡ್‌ರೋಬ್ ಬಾಗಿಲುಗಳಿವೆ ಅಂದರೆ, ಹುಡುಗರು ಅದನ್ನೇ ವಿಕೆಟ್ ಮಾಡಿಕೊಂಡಿದ್ದಾರೆ.

ಒಂದು ಕಷ್ಟ ಮಾತ್ರ ಬಗೆಹರಿದಿಲ್ಲ. ಸಿಂಕಿನ ತಳಕ್ಕೆ ಒಂದೇ ಒಂದು ಹಲಗೆ ಬೇಕು ಅಂದರೆ ಬಹಳಷ್ಟು ಅಂಗಡಿಯವರು 8x4 ಅಡಿಯ ಪೂರ್ತಿ ಶೀಟ್ ತಗೊಳ್ಳಿ ಅನ್ನುತ್ತಾರೆ. ಅಳತೆಗೆ ಕೊಯ್ದು, ಅಂಚಿಗೆ ಪಟ್ಟಿಯನ್ನೂ ಹಚ್ಚಿ ಕೊಡುವ ಅಂಗಡಿ ನಿಮಗೆ ಗೊತ್ತಿದ್ದರೆ ಏರಿಯಾ ಹೆಸರಿನ ಜೊತೆ ಕಾಮೆಂಟಿನಲ್ಲಿ ಹಾಕಿ. ಜಯನಗರದ ಸುತ್ತಮುತ್ತ ಇದ್ದರೆ ಇನ್ನೂ ಒಳ್ಳೆಯದು.